ಕಂಡೂ ಕಾಣದ ಕಣ್ಣು

ಇಂಗ್ಲಿಷ್ ಪತ್ರಿಕೆಗಳನ್ನು ಓದುವವರಿಗೆ ‘ಟರ್ನ್ ಎ ಬ್ಲೈಂಡ್ ಐ’ ಎಂಬ ನುಡಿಗಟ್ಟು ಪರಿಚಿತವೇ. ಪದಶಃ ನೋಡಿದರೆ ‘ಕುರುಡುಗಣ್ಣನ್ನು ತಿರುಗಿಸು’ ಎಂದಾಗುತ್ತದೆ. ಕಣ್ಣಿದ್ದೂ ನೋಡಲೊಲ್ಲದವನ ನಡತೆಯನ್ನು ಅದು ಸೂಚಿಸುತ್ತದೆ. ತಪ್ಪು ನಡೆಯುತ್ತಿರುವುದು ತಿಳಿದಿರಬೇಕು. ತಿಳಿಯದವನಂತೆ ಇರಬೇಕೆಂಬ ಸಂಕಲ್ಪವೂ ಇರಬೇಕು. ಗಮನ ತಪ್ಪಿ ಕಾಣದೆ ಹೋದುದಕ್ಕೆ ಈ ನುಡಿ ಸಲ್ಲದು.

ಇದರ ಹುಟ್ಟಿನ ಬಗೆಗೆ ಸ್ವಾರಸ್ಯವಾದ ಕಥೆಯೊಂದು ಪ್ರಚಾರದಲ್ಲಿದೆ. ಬ್ರಿಟಿಷ್ ನೌಕಾಪಡೆಯ ಪ್ರಸಿದ್ಧ ಸೇನಾನಿ ನೆಲ್ಸನ್ 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯ ಮುತ್ತಿಗೆಯಲ್ಲಿ ಗಾಯಗೊಂಡು ಬಲಗಣ್ಣಿನ ದೃಷ್ಟಿಯನ್ನು ಕಳೆದುಕೊಂಡನು. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ ಬಳಿ ಡೇನರೊಡನೆ ಘೋರ ಕದನ ನಡೆಯುತ್ತಿದ್ದಾಗ, ಮೇಲಧಿಕಾರಿ ಹೈಡ್ ಪಾರ್ಕರನು ಯುದ್ಧವನ್ನು ನಿಲ್ಲಿಸುವಂತೆ ದೂರದ ಹಡಗಿನಿಂದ ಧ್ವಜಸಂಜ್ಞೆಯಿತ್ತನು. ನೆಲ್ಸನ್ ದುರ್ಬೀನನ್ನು ಕಾಣದ ಕಣ್ಣಿಗೆ ಹಿಡಿದು, ತನಗೆ ಸಂಜ್ಞೆಯೇ ಕಾಣುತ್ತಿಲ್ಲವೆಂದು ಹೇಳಿ ಹೋರಾಟ ಮುಂದುವರಿಸಿದನಂತೆ. ಗೆಲುವೂ ಅವನದಾಯಿತು.

ಕಥೆ ಸೊಗಸಾಗಿದೆಯಾದರೂ ನುಡಿಗಟ್ಟು ಅದಕ್ಕಿಂತ ಹಳೆಯದು. ಆಕ್ಸ್‌ಫರ್ಡ್ ನಿಘಂಟು 1698ರಷ್ಟು ಹಿಂದೆಯೇ ಅದರ ಬಳಕೆಯನ್ನು ಗುರುತಿಸಿದೆ. ನೆಲ್ಸನ್ ಹುಟ್ಟಿದ್ದು 1758ರಲ್ಲಿ. ಆದುದರಿಂದ ಅವನು ಈ ನುಡಿಗೆ ಪ್ರಸಿದ್ಧಿಯನ್ನು ತಂದನೆನ್ನಬಹುದೇ ಹೊರತು ಜನ್ಮವನ್ನಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ ಮಾತುಗಳು ಹಲವು. ‘ಇಗ್ನೋರ್’ ಎಂದರೆ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು. ‘ಓವರ್‌ಲುಕ್’ ಎಂಬುದು ಮರೆವಿನಿಂದಲೂ ಆಗಬಹುದು, ಔದಾರ್ಯದಿಂದಲೂ ಆಗಬಹುದು. ‘ಕನೈವ್’ ಎಂಬುದರ ಮೂಲವು ಕಣ್ಣು ಮುಚ್ಚುವುದೆಂಬ ಅರ್ಥದ ಲ್ಯಾಟಿನ್ ಶಬ್ದ. ಈಗ ಅದು ತಪ್ಪಿನಲ್ಲಿ ಗುಟ್ಟಾಗಿ ಪಾಲುಗೊಳ್ಳುವುದನ್ನೂ ಸೂಚಿಸುತ್ತದೆ. ನೋಡದೆ ಕುಳಿತವನು ಪಾಲುದಾರನಾಗಲು ಹೆಚ್ಚು ದೂರ ನಡೆಯಬೇಕಾಗಿಲ್ಲವೆಂಬುದನ್ನು ಆ ಒಂದು ಶಬ್ದದ ಚರಿತ್ರೆಯೇ ಹೇಳುತ್ತದೆ.

ನಮ್ಮ ನುಡಿಗಳೂ ಈ ವಿಷಯದಲ್ಲಿ ಬಡವಲ್ಲ. ಆನೆಯು ಕಣ್ಣು ಮುಚ್ಚಿಕೊಂಡಿರುವ ರೀತಿಯನ್ನು ಕಂಡು ಸಂಸ್ಕೃತದವರು ‘ಗಜನಿಮೀಲನ’ವೆಂದರು. ಸೊಲ್ಲಾಪುರ, ಅಕ್ಕಲಕೋಟೆಗಳ ವಾಚಕರು ನಿತ್ಯ ಕೇಳುವ ಮರಾಠಿಯಲ್ಲಿ ‘ಕಾಣಾಡೋಳಾ ಕರಣೇ’ ಎಂಬ ಮಾತುಂಟು. ‘ಕಾಣಾ’ ಎಂದರೆ ಒಕ್ಕಣ್ಣ, ‘ಡೋಳಾ’ ಎಂದರೆ ಕಣ್ಣು. ನೆಲ್ಸನ್ನನ ಕಥೆಗೆ ಇದಕ್ಕಿಂತ ಒಪ್ಪುವ ಮಾತು ಸಿಕ್ಕದು!

ಕನ್ನಡದ ಹೆಚ್ಚಳವೆಂದರೆ ಅದು ಇಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಬಲ್ಲದು. ಹೊಸ ಸೊಸೆ ಸಾರಿಗೆ ಉಪ್ಪು ಹೆಚ್ಚು ಹಾಕಿದ ದಿನ ಅತ್ತೆಯಾದವಳು ಅರಿಯದಂತೆ ಉಂಡೇಳುವುದು ಕಂಡೂ ಕಾಣದಂತಿರುವುದು, ಅದು ದೊಡ್ಡತನ. ಕಲಬೆರಕೆಯನ್ನು ಕಂಡ ಅಧಿಕಾರಿ ಸುಮ್ಮನಿರುವುದು ಜಾಣಕುರುಡು; ಅದು ದೋಷ. ಮೊದಲನೆಯದರಲ್ಲಿ ಎದುರಿನವರಿಗೆ ಹಿತವುಂಟು. ಎರಡನೆಯದರಲ್ಲಿ ಕಣ್ಣು ಮುಚ್ಚಿದವನಿಗೆ ಲಾಭ, ಉಳಿದವರಿಗೆಲ್ಲ ನಷ್ಟ.

ಗಡಿಯಾಚೆಯ ಕನ್ನಡ ಕುಟುಂಬಗಳಿಗೆ ಈ ವಿವೇಚನೆ ಕೇವಲ ಶಬ್ದವಿಚಾರವಲ್ಲ. ಮಗು ಕನ್ನಡದ ನಡುವೆ ನಾಲ್ಕು ಮರಾಠಿ ಮಾತು ಬೆರೆಸಿದರೆ ಕಂಡೂ ಕಾಣದಂತಿರಬಹುದು. ನೆರೆಹೊರೆಯ ಭಾಷೆ ಬಾಯಿಗೆ ಬರುವುದು ಸಹಜ, ಒಳ್ಳೆಯದೂ ಹೌದು. ಆದರೆ ಮನೆಯಲ್ಲಿ ಕನ್ನಡವಾಡುವ ಅದೇ ಮಗು ಅಜ್ಜನ ಕಾಗದವನ್ನು ಓದಲಾರದಿದ್ದರೆ, ಹತ್ತು ವಯಸ್ಸಾದರೂ ಅಕ್ಷರ ತಿದ್ದದಿದ್ದರೆ, ತಂದೆತಾಯಿಯರು ತೋರುವ ಮೌನಕ್ಕೆ ಯಾವ ಹೆಸರು ಸಲ್ಲುತ್ತದೆಂಬುದನ್ನು ವಾಚಕರೇ ನಿರ್ಧರಿಸಲಿ.