ನಿಮಗಿದು ಗೊತ್ತೆ? ಉಗುರುಬೆಚ್ಚಗಿನ ನೀರೇ ಇದರ ತವರು

ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡ ನೀರನ್ನು ಕುಡಿದರೆ ಸಾಮಾನ್ಯವಾಗಿ ರೋಗ ಬರುವುದಿಲ್ಲ. ಅದೇ ನೀರಿನ ಸೂಕ್ಷ್ಮ ಹನಿಗಳನ್ನು ಉಸಿರಾಡಿದರೆ ತೀವ್ರ ನ್ಯುಮೋನಿಯಾ ಬರಬಹುದು. ಆ ಹನಿಗಳು ಷವರ್‌ನಿಂದಲೂ ಚಿಮ್ಮುತ್ತವೆ.

ತೀರಾ ತಣ್ಣೀರಿನಲ್ಲಿ ಇದು ಬೆಳೆಯದು. 20ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಅದರಲ್ಲೂ ನಿಂತ ನೀರಿನಲ್ಲಿ, ಹೆಚ್ಚುತ್ತದೆ. ಪೈಪಿನೊಳಗಿನ ಲೋಳೆ, ತುಕ್ಕು ಇದಕ್ಕೆ ಆಸರೆ. 60 ಡಿಗ್ರಿಯಲ್ಲಿ ಬಹುಪಾಲು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ವಿದ್ಯುತ್ ಉಳಿಸಲೆಂದು ಗೀಸರ್‌ನ ಬಿಸಿಯನ್ನು ಸದಾ ತಗ್ಗಿಸಿಡುವುದು ಇದೇ ಕಾರಣಕ್ಕೆ ಒಳ್ಳೆಯ ಉಳಿತಾಯವಲ್ಲ. ಮೋಡ ಕವಿದ ದಿನಗಳಲ್ಲಿ ಸೋಲಾರ್ ಟ್ಯಾಂಕಿನ ನೀರೂ ಉಗುರುಬೆಚ್ಚಗೇ ಉಳಿಯುತ್ತದೆ.

ರೋಗ ಮೊದಲು ಗಮನಕ್ಕೆ ಬಂದದ್ದು 1976ರಲ್ಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶಕ್ಕೆ ಬಂದವರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ಸುಮಾರು 30 ಮಂದಿ ಸತ್ತರು. ಬ್ಯಾಕ್ಟೀರಿಯಾ ಪತ್ತೆಯಾದದ್ದು ಮರುವರ್ಷ. ಹೆಸರು ಬಂದದ್ದು ಆ ಸಂಘದಿಂದ.

ವಯಸ್ಸಾದವರಿಗೆ, ಧೂಮಪಾನಿಗಳಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ ಹೆಚ್ಚು. ಊರಿಗೆ ಹೋಗಿ ಹಲವು ದಿನಗಳ ಬಳಿಕ ಮರಳಿದಾಗ, ಸ್ನಾನಕ್ಕೆ ಮುನ್ನ ಷವರ್‌ನ ನೀರನ್ನು ಹನಿ ಸಿಡಿಯದಂತೆ ಕೆಲವು ನಿಮಿಷ ಹರಿಯಬಿಡಬೇಕು.