ಹರಿಹರದ ಮೇಷ್ಟ್ರು, ಹಾಸ್ಟೆಲ್ ಹುಡುಗರು

ಯುವ ನಾಯಕತ್ವ ಶಿಬಿರಗಳಿಗೆ ದಾವಣಗೆರೆಯಲ್ಲಿ ಈಗ ಬರವಿಲ್ಲ. ಬ್ಯಾನರ್, ಭಾಷಣ, ಊಟ, ಕೊನೆಗೊಂದು ಪ್ರಮಾಣಪತ್ರ. ಇಷ್ಟು ಸಲೀಸಾಗಿ ನಾಯಕರು ಹುಟ್ಟುವುದಾದರೆ ಪಕ್ಕದ ಹರಿಹರದ ಪ್ರೊ. ಬಿ. ಕೃಷ್ಣಪ್ಪ ಅಷ್ಟು ತಿರುಗಾಡಬೇಕಿರಲಿಲ್ಲ.

ಕೃಷ್ಣಪ್ಪ ಹುಟ್ಟಿದ್ದು 1938ರಲ್ಲಿ. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. 1973ರ ನವೆಂಬರ್‌ನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ (ಇವರೂ ಹರಿಹರದವರೇ) ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದುಬಿಟ್ಟರು. ರಾಜ್ಯದ ಕಾಲೇಜುಗಳು ಹೊತ್ತಿಕೊಂಡವು. ದಲಿತರಾದ ಬಸವಲಿಂಗಪ್ಪನವರ ಪರ ನಿಂತ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರ ಮಂತ್ರಿಗಿರಿಯೂ ಹೋಯಿತು. ಪೆಟ್ಟು ತಿಂದ ಆ ಹುಡುಗರ ಸಿಟ್ಟಿಗೆ ಎಪ್ಪತ್ತರ ದಶಕದ ನಡುವೆ ಒಂದು ಹೆಸರು ಸಿಕ್ಕಿತು: ದಲಿತ ಸಂಘರ್ಷ ಸಮಿತಿ. ಅದನ್ನು ಕಟ್ಟಿದವರ ಮುಂಚೂಣಿಯಲ್ಲಿ ಕೃಷ್ಣಪ್ಪ ಇದ್ದರು.

ಕಟ್ಟಿದವರ ವಯಸ್ಸು ನೋಡಿ. 'ಹೊಲೆಮಾದಿಗರ ಹಾಡು' ಕವನ ಸಂಕಲನ ಬಂದಾಗ ಕವಿ ಸಿದ್ದಲಿಂಗಯ್ಯ ಇಪ್ಪತ್ತರ ಆಚೀಚೆ. ಕಥೆಗಾರ ದೇವನೂರ ಮಹಾದೇವ ಮೂವತ್ತು ಮುಟ್ಟಿರಲಿಲ್ಲ. ಕೃಷ್ಣಪ್ಪನವರೇ ಹಿರಿಯರು, ಅವರಿಗೂ ನಲವತ್ತಾಗಿರಲಿಲ್ಲ. ಸಮಿತಿಯಲ್ಲಿ ಅಧ್ಯಕ್ಷರ ಕುರ್ಚಿ ಇರಲಿಲ್ಲ. ರಾಜ್ಯಕ್ಕೆ, ಜಿಲ್ಲೆಗೆ, ತಾಲ್ಲೂಕಿಗೆ ಸಂಚಾಲಕರು. ಓದುತ್ತಿದ್ದ ಹುಡುಗರು ಅಧ್ಯಯನ ಶಿಬಿರದಲ್ಲಿ ಅಂಬೇಡ್ಕರ್ ಓದಿ, ಕೇರಿಗಳಿಗೆ ಹೋಗಿ ಹಾಡಿದರು, ಗೋಡೆಬರಹ ಬರೆದರು, ಭೂಮಿಗಾಗಿ ಮೆರವಣಿಗೆ ಹೊರಟರು. ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಎಂದು ಸರ್ಕಾರವನ್ನು ಕೇಳಿದರು.

ನಿಜವಾದ ಪರೀಕ್ಷೆ ನಡೆದದ್ದು ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ. ರೇಣುಕಾಂಬೆಯ ಜಾತ್ರೆಯಲ್ಲಿ ಹರಕೆ ಹೊತ್ತ ಹೆಣ್ಣುಮಕ್ಕಳೂ ಗಂಡಸರೂ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡ್ಡದ ಗುಡಿಗೆ ನಡೆಯುತ್ತಿದ್ದರು. 1986ರ ಮಾರ್ಚ್‌ನಲ್ಲಿ ಬಟ್ಟೆ ಉಟ್ಟು ಬನ್ನಿ ಎಂದು ತಿಳಿಹೇಳಲು ಹೋದ ಸಮಿತಿಯ ಕಾರ್ಯಕರ್ತರ ಮೇಲೆ ಗುಂಪು ಮುಗಿಬಿತ್ತು. ಪೊಲೀಸರನ್ನೂ ಬಿಡದೆ ಬಟ್ಟೆ ಬಿಚ್ಚಿಸಿ ಮೆರವಣಿಗೆ ಮಾಡಿತು. ಆಮೇಲೆ ಬೆತ್ತಲೆ ಸೇವೆಗೆ ನಿಷೇಧ ಬಂತು. ಕಾನೂನು ಪುಸ್ತಕ ಓದಿದ ಮಾತ್ರಕ್ಕೆ ಆಗುವ ಕೆಲಸವಲ್ಲ ಅದು. ತಮ್ಮದೇ ಜನರ ಎದುರು ನಿಂತು, ನಿಮ್ಮ ಭಕ್ತಿ ನಿಮ್ಮನ್ನೇ ಅವಮಾನಿಸುತ್ತಿದೆ ಎನ್ನಬೇಕಿತ್ತು.

ಕೃಷ್ಣಪ್ಪ 1997ರಲ್ಲಿ ತೀರಿಕೊಂಡರು. ಅದೇ ವರ್ಷ ದಾವಣಗೆರೆ ಜಿಲ್ಲೆಯಾಯಿತು. ಹರಿಹರದ ಹತ್ತಿರ ಹನಗವಾಡಿಯ ಮೈತ್ರಿವನದಲ್ಲಿ ಅವರ ಹೆಸರಿನ ಭವನವಿದೆ. ಸಮಿತಿ ಹಲವು ಬಣಗಳಾಗಿ ಒಡೆದಿದೆ. ಎಲ್ಲ ಬಣಗಳ ವೇದಿಕೆಯಲ್ಲೂ ಮೇಷ್ಟ್ರ ಫೋಟೊ ಇರುತ್ತದೆ. ಇಪ್ಪತ್ತರ ಹುಡುಗರಿಗೆ ಸಂಚಾಲಕತ್ವ ವಹಿಸುವ ಧೈರ್ಯ ಎಷ್ಟು ಬಣಗಳಿಗಿದೆ ಎಂದು ದಾವಣಗೆರೆಯ ಹಾಸ್ಟೆಲ್‌ಗಳಲ್ಲಿ ವಿಚಾರಿಸಬೇಕು.