ಎಟಿಆರ್ ರೆಕ್ಕೆಯಲ್ಲಿ ಬಡಗಿಯ ಲೆಕ್ಕ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಉದ್ದ. ಅಷ್ಟರಲ್ಲೇ ಸಲೀಸಾಗಿ ಇಳಿದು ಏರಬಲ್ಲದೆಂಬ ಕಾರಣಕ್ಕೆ ಇಲ್ಲಿ ಹೆಚ್ಚಾಗಿ ಕಾಣುವುದು ಪ್ರೊಪೆಲರ್‌ನ ಎಟಿಆರ್-72. ನೋಟಕ್ಕೆ ಹಳೆಯ ಕಾಲದ್ದೆನಿಸಿದರೂ ಅದರ ರೆಕ್ಕೆಯಲ್ಲಿ ಎಂಜಿನ್‌ನಿಂದಾಚೆಗೆ ಭಾರ ಹೊರುವ ಪೆಟ್ಟಿಗೆ ಲೋಹದ್ದಲ್ಲ. ಕಾರ್ಬನ್ ನಾರನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ, ಪದರ ಪದರವಾಗಿ ಕೂರಿಸಿ, ಬಿಸಿಯಲ್ಲಿ ಗಟ್ಟಿ ಮಾಡಿದ ಕಾಂಪೊಸಿಟ್, ಅಂದರೆ ನಾರು ಬೆರೆತ ಪ್ಲಾಸ್ಟಿಕ್. 1989ರಲ್ಲಿ ಈ ವಿಮಾನ ಸೇವೆಗೆ ಬಂದಾಗ ಪ್ರಯಾಣಿಕ ವಿಮಾನಗಳ ಮಟ್ಟಿಗೆ ಅದು ದಿಟ್ಟ ಹೆಜ್ಜೆ. ಪ್ಲಾಸ್ಟಿಕ್ ರೆಕ್ಕೆ ಎಂದರೆ ಇಂದಿಗೂ ಹುಬ್ಬೇರಿಸುವವರಿದ್ದಾರೆ. ಆದರೆ ಈ ಪ್ಲಾಸ್ಟಿಕ್ಕಿನ ಪೂರ್ವಜ ಮರ. ಲೋಹದ ಯುಗಕ್ಕೆ ಮುನ್ನ ವಿಮಾನ ಕಟ್ಟುತ್ತಿದ್ದ ಬಡಗಿಗಳ ಜ್ಞಾನವೇ ಹೊಸ ವೇಷದಲ್ಲಿ ಮರಳಿದೆ.

ಮರವೂ ನಾರು ಮತ್ತು ಅಂಟಿನ ಜೋಡಿಯೇ: ಎಳೆತವನ್ನು ತಡೆಯಲು ಸೆಲ್ಯುಲೋಸ್ ನಾರು, ನಾರುಗಳನ್ನು ಹಿಡಿದಿಡಲು ಲಿಗ್ನಿನ್. ವಿಮಾನಕ್ಕೆ ಬಳಸುತ್ತಿದ್ದ ಸ್ಪ್ರೂಸ್ ಮರ ಅಲ್ಯೂಮಿನಿಯಮ್ಮಿಗಿಂತ ಸುಮಾರು ಏಳು ಪಟ್ಟು ಹಗುರ. ನಾರಿನ ಉದ್ದಕ್ಕೆ ಅದರ ಬಿಗುವೂ ಸುಮಾರು ಏಳು ಪಟ್ಟು ಕಡಿಮೆ. ಹಾಗಾದರೆ ಸರಿಸಮ ಎನ್ನಬಹುದು. ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ತೂಕದ ಮರದ ಹಲಗೆ ಲೋಹದ ತಗಡಿಗಿಂತ ಏಳು ಪಟ್ಟು ದಪ್ಪ ಇರುತ್ತದೆ. ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಬಿಗುವಿನ ಕೊರತೆಯನ್ನು ಕಳೆದರೂ, ನಾರಿನ ದಿಕ್ಕಿನಲ್ಲಿ, ಹಲಗೆ ಸುಮಾರು ನಲವತ್ತೊಂಬತ್ತು ಪಟ್ಟು ಮುಂದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಮಸ್ಕಿಟೊ ಈ ಲೆಕ್ಕವನ್ನೇ ನಂಬಿತು. ಅದರ ಒಡಲಿಗೆ ಹೊರಗೂ ಒಳಗೂ ಬರ್ಚ್ ಪ್ಲೈವುಡ್, ನಡುವೆ ಅತಿ ಹಗುರಾದ ಬಾಲ್ಸಾ. ಇಂದಿನ ಕಾಂಪೊಸಿಟ್ ಹಲಗೆಗಳಲ್ಲೂ ಹಲವಕ್ಕೆ ಇದೇ ರಚನೆ. ಬಾಲ್ಸಾದ ಜಾಗದಲ್ಲಿ ಜೇನುಗೂಡಿನಂಥ ತಿರುಳು.

ಮರ ಅಷ್ಟು ಒಳ್ಳೆಯದಿದ್ದರೆ ಬಿಟ್ಟದ್ದೇಕೆ? ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ದೊರೆತದ್ದೂ ಭಾರತದಲ್ಲೇ. 1944ರ ಕೊನೆಯಲ್ಲಿ ಇಲ್ಲಿದ್ದ ಕೆಲವು ಮಸ್ಕಿಟೊಗಳ ರೆಕ್ಕೆ ಹಾರಾಟದಲ್ಲೇ ಮುರಿದು, ಹಾರಾಟ ನಿಲ್ಲಿಸಿ ತನಿಖೆ ನಡೆಸಬೇಕಾಯಿತು. ಅಂಟಿಸುವ ಕೆಲಸ ಸರಿಯಾಗಿರಲಿಲ್ಲ ಎಂದು ಒಂದು ಕಡೆ, ತೇವಕ್ಕೆ ಮರ ಉಬ್ಬಿ ಕುಗ್ಗಿತು ಎಂದು ಇನ್ನೊಂದು ಕಡೆ ಬೆರಳು ತೋರಿಸಲಾಯಿತು. ಮೊದಮೊದಲು ಬಳಸುತ್ತಿದ್ದ ಅಂಟು ಹಾಲಿನ ಕೇಸೀನ್. ತೇವದಲ್ಲಿ ಅದು ಕೊಳೆಯಬಲ್ಲದು. ಅದರ ಜಾಗಕ್ಕೆ ಬಂದದ್ದು ಯೂರಿಯಾ-ಫಾರ್ಮಾಲ್ಡಿಹೈಡ್, ಅಂದರೆ ಪ್ಲಾಸ್ಟಿಕ್. ಮರದ ವಿಮಾನವನ್ನು ಉಳಿಸಲು ಬಂದ ಪ್ಲಾಸ್ಟಿಕ್ಕೇ ಮುಂದೆ ಮರದ ಜಾಗವನ್ನೂ ಹಿಡಿಯಿತು! ಮರಕ್ಕೆ ಇನ್ನೊಂದು ದೌರ್ಬಲ್ಯವೂ ಇದೆ: ನಾರಿಗೆ ಅಡ್ಡಲಾಗಿ ಎಳೆದರೆ ಬಲವೇ ಇಲ್ಲ, ತೇವಕ್ಕೆ ಹಿಗ್ಗುವುದೂ ಆ ದಿಕ್ಕಿನಲ್ಲೇ. ಬೀಟೆ ಮರದಲ್ಲಿ ಚಿತ್ರ ಕೂರಿಸುವ ಮೈಸೂರಿನ ಕುಶಲಕರ್ಮಿಗಳು ಚೆನ್ನಾಗಿ ಒಣಗಿದ ಮರಕ್ಕೇ ಪಟ್ಟು ಹಿಡಿಯುವುದು ಇದರಿಂದಲೇ. ಕಾರ್ಬನ್ ನಾರು ತೇವ ಕುಡಿಯದು, ಗುಣ ಒಂದೇ ಸಮ. ಬಲ ಎಲ್ಲಿ ಬೇಕೋ ಆ ದಿಕ್ಕಿಗೆ ಪದರ ತಿರುಗಿಸಿದರಾಯಿತು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿ 1993ರಲ್ಲಿ ಮೊದಲು ಹಾರಿದ ಪುಟ್ಟ ವಿಮಾನ ಹಂಸ ಗಾಜಿನ ನಾರಿನ ಕಾಂಪೊಸಿಟ್ಟಿನದು. ಯುದ್ಧವಿಮಾನ ತೇಜಸ್‌ನ ಒಡಲ ತೂಕದಲ್ಲಿ ಶೇ 45ರಷ್ಟು ಕಾಂಪೊಸಿಟ್.

ಇನ್ನೊಂದು ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಲೋಹಕ್ಕೆ ಪೆಟ್ಟು ಬಿದ್ದರೆ ತಗ್ಗು ಕಾಣುತ್ತದೆ. ಕಾರ್ಬನ್ ಹಲಗೆಯ ಮೇಲೆ ಸ್ಪ್ಯಾನರ್ ಬಿದ್ದರೆ ಹೊರಗೆ ಏನೂ ಕಾಣದೆ ಒಳಪದರಗಳು ಬಿಟ್ಟುಕೊಂಡಿರಬಹುದು. ಅದಕ್ಕಾಗಿಯೇ ನಾಣ್ಯದಿಂದ ತಟ್ಟಿ ಸದ್ದು ಕೇಳುವ ಪರೀಕ್ಷೆ, ಅನುಮಾನವಿದ್ದಲ್ಲಿ ಅಲ್ಟ್ರಾಸೌಂಡ್. ಇಂಥ ಗಾಯವೂ ಇರಬಹುದೆಂದು ಎಣಿಸಿಯೇ ವಿನ್ಯಾಸ ಮಾಡುವುದು ಈಗಿನ ನಿಯಮ. ಭಯಕ್ಕಿಂತ ಇದು ಉಪಯುಕ್ತ. ರಿಪೇರಿಯಂತೂ ಬಡಗಿಯದ್ದೇ. ಮರದ ತೊಲೆ ಮುರಿದರೆ ಎರಡೂ ತುದಿಗಳನ್ನು ಒಂದಕ್ಕೆ ಹನ್ನೆರಡರಷ್ಟು ಓರೆಯಾಗಿ ಸೀಳಿ ಅಂಟಿಸುತ್ತಾರೆ. ಭಾರ ಅಗಲವಾಗಿ ಹರಡಿ ದಾಟಲಿ ಎಂದು. ಕಾರ್ಬನ್‌ಗೆ ಓರೆ ಇನ್ನೂ ಉದ್ದ, ಹಲವು ಸಲ ಇಪ್ಪತ್ತಕ್ಕೂ ಹೆಚ್ಚು. ಕೆರೆದ ಜಾಗದಲ್ಲಿ ಹೊಸ ಪದರ ಹಾಸಿ, ನಿರ್ವಾತದ ಚೀಲ ಹೊದಿಸಿ, ಬಿಸಿ ಕಂಬಳಿಯಿಂದ ಕಾಯಿಸುತ್ತಾರೆ. ಅದಕ್ಕೂ ಮೊದಲು ಆ ಭಾಗವನ್ನು ಒಣಗಿಸಲೇಬೇಕು: ನಾರು ಕುಡಿಯದ ತೇವವನ್ನು ಎಪಾಕ್ಸಿ ತುಸು ಕುಡಿದಿರುತ್ತದೆ. ಕಾಯಿಸುವಾಗ ಅದು ಆವಿಯಾದರೆ ಅಂಟಿನಲ್ಲಿ ಗುಳ್ಳೆ ಏಳುತ್ತದೆ. ಆಗ ತೇಪೆಯನ್ನು ಕೆರೆದು ತೆಗೆದು ಕೆಲಸವನ್ನು ಮೊದಲಿನಿಂದ ಹಿಡಿಯಬೇಕು.